ಕೂಸಿಗೆ ಎರೆಯುವ ಮಣೆ

ಸುಮಂಗಲಾ ಪೂರ್ತಿಯಾಗಿ ಕೂತದ್ದನ್ನು ಸದಾಶಿವ ಪೇಠದ ಆ ಮೆಸ್ಸಿನಲ್ಲಿ ಯಾರೂ ಕಂಡಿರಲಿಲ್ಲ. ಹಳೆಯ ವಾಡೆಯ ಕೆಳ ಅಂತಸ್ತಿನಲ್ಲಿ ಕೋಚಿಂಗ್ ಕ್ಲಾಸಿನ ಹುಡುಗರು ಎರಡು ಸಾಲಾಗಿ ಉಣ್ಣುತ್ತಿರುವಾಗ ಆಕೆ ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನದ ಗದ್ದಲ ತೀರಿ ಉಳಿದ ಹೆಂಗಸರು ನೆಲಕ್ಕೆ ಕೂತು ಊಟ ಮಾಡುವಾಗಲೂ ಮರದ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ಉಣ್ಣುತ್ತಿದ್ದಳು. ಯಾರಾದರೂ ತೀರ ಒತ್ತಾಯ ಮಾಡಿದರೆ ಒಂದು ಮಗ್ಗುಲಿನ ಮೇಲೆ ಕೂತು, ಸ್ವಲ್ಪ ಹೊತ್ತಿಗೆ ಇನ್ನೊಂದು ಮಗ್ಗುಲಿಗೆ ಹೊರಳಿ, ಮತ್ತೆ ಮೊದಲಿನದಕ್ಕೆ ಮರಳುತ್ತಿದ್ದಳು. ಕೊಂಬೆಯ ಮೇಲೆ ನೆಲೆ ಸಿಗದ ಹಕ್ಕಿ ಹೀಗೆ ಮಾಡುತ್ತದೆ. ಆಕೆಗೆ ಸದಾ ಅವಸರ ಎಂದು ಕೆಲವರು ತಿಳಿದಿದ್ದರು, ಸ್ವಲ್ಪ ಸೊಕ್ಕು ಎಂದು ಇನ್ನು ಕೆಲವರು. ಯಾರು ಏನು ತಿಳಿದರೂ ಆಕೆ ತಿದ್ದಲು ಹೋಗಿರಲಿಲ್ಲ. ತಿದ್ದಬೇಕಾದರೆ ಹೇಳಬೇಕಿತ್ತು, ಹೇಳುವ ಜಾಗದ ಮಾತಾಗಿರಲಿಲ್ಲ ಅದು.

ಮಗಳು ಭಾಗ್ಯಾ ಹುಟ್ಟಿದ್ದು ನಗರದ ಅಂಚಿನಲ್ಲಿ ಏಳುತ್ತಿದ್ದ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ. ಸುಮಂಗಲಾಳ ಗಂಡ ಅಂಬಾರಾಯ ಅಲ್ಲಿ ಗೌಂಡಿ, ಆಕೆ ಅಲ್ಲಿಯೇ ಕಲ್ಲು ಮಣ್ಣು ಹೊರುವಾಕೆ. ಇಬ್ಬರೂ ಕಲಬುರ್ಗಿ ಕಡೆಯ ಒಂದೇ ಸೀಮೆಯವರು. ಹೆರಿಗೆಯಲ್ಲಿ ಆಕೆಗೆ ಕೆಳಗೆ ಆಳವಾಗಿ ಹರಿದಿತ್ತು. ಮರುದಿನ ಸಂಜೆ ಯಾವುದೋ ದವಾಖಾನೆಯಲ್ಲಿ, ಕರೆಂಟು ಬಂದು ಹೋಗುತ್ತಿದ್ದ ಹೊತ್ತಿನಲ್ಲಿ ಯಾರೋ ಹೊಲಿದರು. ಹೊಲಿಗೆ ಸೊಟ್ಟಗೆ ಕೂಡಿತು. ಕೂಡಿದ ಜಾಗ ಗಂಟಾಯಿತು. ಗಂಟು ಸುತ್ತಲಿನ ಚರ್ಮವನ್ನು ತನ್ನತ್ತ ಎಳೆದುಕೊಂಡು ಹಾಗೆಯೇ ಉಳಿಯಿತು. ಬಾಣಂತನ ಎಂಬುದು ಆಕೆಗೆ ಆಗಲಿಲ್ಲ. ತಾಯಿ ಇರಲಿಲ್ಲ. ಗಂಡನ ಅಕ್ಕ ಸಾಬವ್ವ ಇಂದಾಪುರದ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಸುದ್ದಿ ಮುಟ್ಟುವಷ್ಟರಲ್ಲಿ ಕೂಸು ಬೋರಲು ಬೀಳಲು ಕಲಿತಿತ್ತು, ತಾಯಿ ಮತ್ತೆ ಬುಟ್ಟಿ ಹೊರುತ್ತಿದ್ದಳು. ಆಗ ಕಟ್ಟುತ್ತಿದ್ದ ಕಟ್ಟಡಕ್ಕೆ ಈಗ ಎರಡನೆಯ ಸಲ ಬಣ್ಣ ಬಳಿದಿದ್ದಾರೆ. ಗಂಟು ಮಾತ್ರ ಹಾಗೆಯೇ ಇತ್ತು.

ಅದರೊಂದಿಗೆ ಬದುಕುವುದು ಆಕೆಗೆ ರೂಢಿಯಾಗಿತ್ತು. ರೂಢಿ ಮುರಿದದ್ದು ಭಾಗ್ಯಾ ಬಸುರಿಯಾದಾಗ.

ಮೊದಲ ಹೆರಿಗೆ ತವರಿನಲ್ಲಿ ಎಂಬುದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ. ಕೂಸಿಗೆ ಎರೆಯುವುದು ಅಜ್ಜಿಯ ಕೆಲಸ. ಎರೆಯುವಾಕೆ ತಗ್ಗಾದ ಮಣೆಯ ಮೇಲೆ ಕೂತು ಎರಡೂ ಕಾಲುಗಳನ್ನು ನೀಳವಾಗಿ ಚಾಚಬೇಕು. ಕಾಲುಗಳ ನಡುವಿನ ಹೊಂಡದಲ್ಲಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಬೇಕು, ಬಿಸಿನೀರು ಹುಯ್ಯಬೇಕು. ಆ ಹೊತ್ತಿನಲ್ಲಿ ಮೈಯ ಭಾರವೆಲ್ಲ ಮಣೆಯ ಮೇಲೆ. ಮಗ್ಗುಲು ಬದಲಿಸಿದರೆ ಕೂಸು ಜಾರುತ್ತದೆ. ಒಂದು ಮಧ್ಯಾಹ್ನ ಪರ್ವತಿ ಬೆಟ್ಟದ ಬುಡದ ತಮ್ಮ ಎರಡು ಕೋಣೆಯ ಮನೆಯಲ್ಲಿ ಸುಮಂಗಲಾ ಬಾಗಿಲು ಹಾಕಿಕೊಂಡು, ಅಟ್ಟದ ಮೇಲಿನ ಮಣೆ ಇಳಿಸಿ, ಕೂತು, ಕಾಲು ಚಾಚಿ, ಜೋಳದ ಹಿಟ್ಟಿನ ಚೀಲವನ್ನು ಮೊಣಕಾಲ ಕೆಳಗೆ ಮಲಗಿಸಿದಳು. ಖಾಲಿ ತಂಬಿಗೆಯಿಂದ ಇಲ್ಲದ ನೀರನ್ನು ಹುಯ್ದಳು. ಹಿಟ್ಟಿನ ಚೀಲದ ಬೆನ್ನು ತೊಳೆಯುವುದು ಮುಗಿಯುವ ಮೊದಲೇ ನೋವಿಗೆ ಕಣ್ಣು ಕತ್ತಲೆಯಾಯಿತು. ಚೀಲವನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು, ಮಣೆಯನ್ನು ಮತ್ತೆ ಅಟ್ಟಕ್ಕೇರಿಸಿದಳು. ಆ ದಿನದಿಂದ ಆಕೆಗೆ ಬೇಕಾಗಿದ್ದದ್ದು ಒಂದೇ. ಮೊಮ್ಮಗು ಮನೆಗೆ ಬರುವಷ್ಟರಲ್ಲಿ ಆ ಮಣೆಯ ಮೇಲೆ ಕೂರಲು ಬರಬೇಕು.

ಮೆಸ್ಸಿನಿಂದ ಎರಡು ಗಲ್ಲಿ ಆಚೆ ಡಾಕ್ಟರ್ ರಂಜಿನಿಯವರ ಕ್ಲಿನಿಕ್ಕು. ರಂಜಿನಿಯವರ ತಂದೆ ಕುಂದಾಪುರದ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲು ನಡೆಸಿದವರು. ಮಗಳು ಇಲ್ಲಿಯೇ ಹುಟ್ಟಿ ಬೆಳೆದರೂ ಕರಾವಳಿಯ ಕನ್ನಡವನ್ನು ಬಿಟ್ಟಿರಲಿಲ್ಲ. ಕ್ಲಿನಿಕ್ಕಿನ ಫಲಕದ ಮೇಲೆ ತೆಳುಗುಲಾಬಿ ಬಣ್ಣದ ಹೂವೊಂದರ ಚಿತ್ರ, ಅದರ ಕೆಳಗೆ ಸ್ತ್ರೀರೋಗ, ಪ್ರಸೂತಿ ಮತ್ತು ಕಾಸ್ಮೆಟಿಕ್ ಸರ್ಜರಿ ಎಂಬ ಬರಹ. ಸುಮಂಗಲಾ ಆ ಫಲಕವನ್ನು ಎಂದೂ ಓದಿರಲಿಲ್ಲ. ಮೆಸ್ಸಿನ ಊಟದ ಡಬ್ಬಿ ಕೊಡಲು ದಿನಾ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು.

"ಕೂತುಕೊಳ್ಳಿ, ಡಬ್ಬಿ ಈಗಲೇ ಖಾಲಿ ಮಾಡಿ ಕೊಡ್ತೇನೆ," ಎಂದರು ರಂಜಿನಿ ಒಂದು ದಿನ.

"ಇರ್ಲಿರೀ. ನಿಂತೇ ಇರ್ತೀನಿ."

"ದಿನಾ ನಿಂತೇ ಇರ್ತೀರಿ. ನಮ್ಮ ಕುರ್ಚಿಗೆ ಎಂತ ದೋಷ ಉಂಟು?"

"ಕುರ್ಚಿಗೇನಿಲ್ರಿ ಬಾಯಾರ. ದೋಷ ನಂದು."

ಅಷ್ಟು ವರ್ಷ ಯಾರಿಗೂ ಹೇಳದ ಮಾತು ಹಾಗೆ ರೊಟ್ಟಿ ಮತ್ತು ಪುಂಡಿಪಲ್ಯದ ನಡುವೆ ಹೊರಬಿತ್ತು. ರಂಜಿನಿ ಊಟ ಅರ್ಧಕ್ಕೆ ಬಿಟ್ಟು ಕೈತೊಳೆದು ಆಕೆಯನ್ನು ಪರೀಕ್ಷಿಸಿದರು. ಹಳೆಯ ಗಂಟನ್ನು ಕತ್ತರಿಸಿ ತೆಗೆದು, ಒಳಗಿನ ಪದರಗಳನ್ನು ಒಂದೊಂದಾಗಿ ಸರಿಯಾಗಿ ಜೋಡಿಸಿ ಹೊಲಿಯಬಹುದು ಎಂದರು. ಖರ್ಚಿನ ಚಿಂತೆ ತಮಗಿರಲಿ ಎಂದೂ ಹೇಳಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಈ ಶಸ್ತ್ರಚಿಕಿತ್ಸೆ ತಮ್ಮಲ್ಲಿ ಸೌಂದರ್ಯದ ಚಿಕಿತ್ಸೆಗಳ ಗುಂಪಿನಲ್ಲಿ ಬರುತ್ತದೆ ಎಂದು ತಿಳಿಸಿದರು.

"ನನಗ ಚಂದ ಬ್ಯಾಡ್ರಿ," ಎಂದಳು ಸುಮಂಗಲಾ. "ಕುಂದ್ರಲಾಕ ಬಂದ್ರ ಸಾಕು."

"ಸರಿ. ಚಂದ ಮಾಡಿ ಕೂತುಕೊಳ್ಳುವುದಕ್ಕೆ ಅಂತ ಬರೀತೇನೆ."

ಆ ಗುಂಪಿನ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಅದೇ ಮೇಜಿನ ಮೇಲೆ, ಅದೇ ಸೂಜಿಯಿಂದ, ಚಿತ್ರಗಳಲ್ಲಿ ಕಂಡ ಯಾವುದೋ ಆಕಾರವನ್ನು ಬಯಸಿ ಬಂದ ಹುಡುಗಿಯರಿಗೂ ಹೊಲಿಗೆ ಬೀಳುತ್ತದೆ, ಇಪ್ಪತ್ತು ವರ್ಷ ಸರಿಯಾಗಿ ಕೂರದ ಹೆಂಗಸಿಗೂ ಬೀಳುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ನಾವು ಹೊರಗೆ ನಿಂತು ವಾದಿಸಬಹುದು; ವಾದಿಸಲೂಬೇಕು. ಆದರೆ ಗಾಯಕ್ಕೆ ತನ್ನನ್ನು ಏಕೆ ಮಾಡಿದರು ಎಂಬುದು ತಿಳಿಯದು. ಎರಡು ಅಂಚುಗಳು ದೂರವಾಗಿವೆ ಎಂಬುದಷ್ಟೇ ಅದಕ್ಕೆ ಗೊತ್ತು. ಅಲ್ಲಿಂದ ಮುಂದೆ ಅದು ತನ್ನ ಹಳೆಯ ಕೆಲಸಕ್ಕೆ ತೊಡಗುತ್ತದೆ.

ಭಾಗ್ಯಾಳ ಏಳನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನೆಲದ ಮೇಲೆ ಕೂರಬೇಡಿ, ಗಾಯಕ್ಕೆ ಶಾಖ ತಗುಲಿಸಬೇಡಿ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂತು ಒಣಗಿಸಿಕೊಳ್ಳಿ ಎಂದು ರಂಜಿನಿ ಹೇಳಿ ಕಳಿಸಿದರು. ಮನೆಯಲ್ಲಿ ನೋಡಿಕೊಳ್ಳುವವರು ಬೇಕಾಗಿತ್ತು. ಅಂಬಾರಾಯ ಅಕ್ಕನಿಗೆ ಫೋನು ಮಾಡಿದ. ತಮ್ಮನೊಬ್ಬ ಅಕ್ಕನಿಗೆ ಇಂಥದ್ದನ್ನು ಬಿಡಿಸಿ ಹೇಳಲು ಬರುವುದಿಲ್ಲ. "ಸುಮಂಗಲಾಗ ಕೆಳಗ ಹೊಲಿಗಿ ಹಾಕ್ಯಾರ. ಬಾ," ಎಂದಷ್ಟೇ ಅಂದು ಫೋನು ಇಟ್ಟ.

ಸಾಬವ್ವನಿಗೆ ಅಷ್ಟು ಸಾಕಾಯಿತು. ಕೆಳಗೆ ಹೊಲಿಗೆ ಬಿದ್ದ ಹೆಂಗಸು ಎಂದರೆ ಬಾಣಂತಿ. ಆಕೆಯ ತಿಳಿವಳಿಕೆಯಲ್ಲಿ ಬೇರೆ ಬಗೆಯೊಂದು ಇರಲಿಲ್ಲ. ಇಂದಾಪುರದಿಂದ ಎಸ್‌.ಟಿ. ಬಸ್ಸು ಹಿಡಿದು ಸ್ವಾರಗೇಟಿನಲ್ಲಿ ಇಳಿದಾಗ ಆಕೆಯ ಗೋಣಿಚೀಲದಲ್ಲಿ ಸಗಣಿಯ ಕುಳ್ಳು, ಅಜವಾನ ಎನ್ನುವ ಓಮಕಾಳು, ಒಣಕೊಬ್ಬರಿ, ಉಂಡಿಗೆ ಬೇಕಾದ ಅಂಟು, ಹಳೆಯದೊಂದು ಮಣ್ಣಿನ ಅಗ್ಗಿಷ್ಟಿಕೆ ಇದ್ದವು. ಚಾಳಿನ ಹೆಂಗಸರು ನಕ್ಕರು.

"ಸಾಬವ್ವಕ್ಕ, ಬಾಣಂತಿ ಅದಾಳ, ಕೂಸೆಲ್ಲೆದ?"

"ಕೂಸು ಮಗಳ ಹೊಟ್ಟ್ಯಾಗದ," ಎಂದಳು ಸಾಬವ್ವ ಚೀಲ ಇಳಿಸುತ್ತ. "ಬಾಣಂತನ ಒಂದೀಟು ಮೊದ್ಲ ಬಂದದ. ನಿಮಗೇನ್ ತ್ರಾಸು?"

ಸುಮಂಗಲಾಳ ಕಿವಿಗಳ ಸುತ್ತ ಅರಿವೆ ಬಿಗಿಯಾಯಿತು. ನುಲಿಯ ಹೊರಸಿನ ಮೇಲಿನ ಹಾಸಿಗೆ ಸರಿಯಿತು. ಕಿಟಕಿಗೆ ಸೀರೆ ಇಳಿಬಿತ್ತು. ಸಾಬವ್ವ ಅಗ್ಗಿಷ್ಟಿಕೆಯಲ್ಲಿ ಕುಳ್ಳಿನ ಕೆಂಡ ಮಾಡಿಕೊಂಡು ಹೊರಸಿನ ಕೆಳಗೆ ತಂದಿಟ್ಟಳು.

"ಯಕ್ಕ, ಬಿಸಿ ತಗಲಿಸಬ್ಯಾಡಂತ ಡಾಕ್ಟರ್ ಹೇಳ್ಯಾರ."

"ಆ ಡಾಕ್ಟರಬಾಯಿ ಎಷ್ಟು ಹಡದಾಳ?"

"ಒಂದೂ ಇಲ್ಲ."

"ಮತ್ತ?" ಎಂದಳು ಸಾಬವ್ವ, ಕೆಂಡದ ಮೇಲೆ ಅಜವಾನ ಉದುರಿಸುತ್ತ. "ಸುಮ್ ಬೀಳು. ಆವಾಗ ನಿನಗ ಯಾರೂ ಮಾಡಲಿಲ್ಲ. ಈಗರೆ ಮಾಡಿಸ್ಕೋ."

ಸುಮಂಗಲಾ ಹೊರಸಿನ ಮೇಲೆ ಹಾಗೆಯೇ ಮಲಗಿದಳು. ಡಾಕ್ಟರರ ಮಾತು ಆಕೆಗೆ ನೆನಪಿತ್ತು, ಅರ್ಥವೂ ಆಗಿತ್ತು. ಅದನ್ನು ಮರೆತಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಗೆ ನುಲಿಯ ಸಂದುಗಳಿಂದ ಮೇಲೇರಿ ಸೀರೆಯ ನೆರಿಗೆಗಳಲ್ಲಿ ತುಂಬಿಕೊಂಡಿತು. ಕೋಣೆಯ ಗೋಡೆಗಳು ಹಿಂದೆ ಸರಿದವು. ತಗಡಿನ ಶೆಡ್ಡು ಬಂತು, ಅದರ ಹೊರಗೆ ಅರೆಬರೆ ಎದ್ದ ಕಂಬಗಳು ಬಂದವು, ಕಂಬಗಳ ತುದಿಯಲ್ಲಿ ಕಬ್ಬಿಣದ ಸರಳುಗಳು ಜೋಳದ ದಂಟಿನಂತೆ ಗಾಳಿಗೆ ತೂಗಿದವು. ಆ ಶೆಡ್ಡಿನಲ್ಲಿ ಈ ಸಲ ಯಾರೋ ಕೆಂಡ ತಂದಿಟ್ಟಿದ್ದರು. ಯಾರೋ ಆಕೆಯ ಕಿವಿ ಕಟ್ಟಿದ್ದರು. ಬುಟ್ಟಿ ಮೂಲೆಯಲ್ಲಿ ಬೋರಲು ಬಿದ್ದಿತ್ತು, ಅದನ್ನು ಎತ್ತಿಕೊಳ್ಳಲು ಯಾರೂ ಕರೆಯಲಿಲ್ಲ. ಬದುಕಿನಲ್ಲಿ ಬಿಟ್ಟುಹೋದ ಒಂದು ತಿಂಗಳು, ಹೀಗೆ ತಪ್ಪು ವಿಳಾಸಕ್ಕೆ, ತಡವಾಗಿ ಬಂದು ಬಾಗಿಲು ತಟ್ಟಿದಾಗ, ಇದು ನನ್ನದಲ್ಲ ಎಂದು ಹಿಂದಕ್ಕೆ ಕಳಿಸುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಆಕೆ ಕಣ್ಣು ಮುಚ್ಚಿಕೊಂಡಳು. ಮರುದಿನವೂ ಮುಚ್ಚಿಕೊಂಡಳು.

ಹೊಗೆಯ ಪರವಾಗಿ ಹೇಳಬಹುದಾದದ್ದು ಇಷ್ಟು. ನೆಲ ತೇವವಾಗಿದ್ದ, ಅರಿವೆ ಒಣಗದ ಮನೆಗಳಲ್ಲಿ ಮೈ ಒಣಗಿ ಬೆಚ್ಚಗಿರಲಿ ಎಂದು ಈ ಪದ್ಧತಿ ಹುಟ್ಟಿರಬಹುದು. ಅದಕ್ಕಿಂತ ಹೆಚ್ಚಾಗಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಹಡೆದವಳ ಹತ್ತಿರ ಇನ್ನೊಬ್ಬಳು ಕೂತಿರಲಿ ಎಂದು ಹುಟ್ಟಿರಬಹುದು. ಆದರೆ ಹೊಸದಾಗಿ ಹೊಲಿದ ಚರ್ಮಕ್ಕೆ ಕೆಂಡದ ಶಾಖ ಶಾಖವೇ, ಹೊಗೆ ಹೊಗೆಯೇ. ಪ್ರೀತಿಯಿಂದ ಕೊಟ್ಟರೂ ಅದರ ಉಷ್ಣತೆ ಕಡಿಮೆಯಾಗುವುದಿಲ್ಲ.

ಉರಿ ಶುರುವಾದಾಗ ಸುಮಂಗಲಾ ಒಂದು ದಿನ ಹೇಳದೆ ಕಳೆದಳು. ಸಾಬವ್ವನ ಕೈಗಳು ಅಷ್ಟು ಸಂತೋಷದಲ್ಲಿದ್ದವು. ಮರುದಿನ ನೋಡಲು ಬಂದ ಭಾಗ್ಯಾ ತಾಯಿಯ ಮುಖ ಕಂಡು, ಅರಿವೆಯ ಮೇಲಿನ ಕಲೆ ಕಂಡು, ಏನೂ ಕೇಳದೆ ರಿಕ್ಷಾ ಕರೆದಳು. ತುಂಬಿದ ಹೊಟ್ಟೆಯ ಮಗಳು, ಒಂದು ಮಗ್ಗುಲಿನ ಮೇಲೆ ತಾಯಿ, ಅವರಿಬ್ಬರ ನಡುವೆ ಸಾಬವ್ವ. ರಿಕ್ಷಾದವನು ಯಾರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೇನೆಂದು ತಿಳಿಯದೆ ಮರಾಠಿಯಲ್ಲಿ ಭಾಗ್ಯಾಳಿಗೆ ಧೈರ್ಯ ಹೇಳುತ್ತಲೇ ಹೋದ.

ರಂಜಿನಿ ನೋಡಿದರು. ಗಾಯದ ಕೆಳತುದಿಯಲ್ಲಿ ಹೊಲಿಗೆ ಬಿಟ್ಟು ಅಂಚುಗಳು ಅಗಲಿದ್ದವು. ಸುತ್ತಲಿನ ಚರ್ಮ ಕೆಂಪಾಗಿತ್ತು.

"ಎಂತ ಮಾಡಿದ್ದು ಇದಕ್ಕೆ?"

"ಹೊಗಿ ಕೊಟ್ಟೀನ್ರಿ," ಎಂದಳು ಸಾಬವ್ವ ಮುಂದೆ ಬಂದು. "ಚಲೋ ಅಜವಾನ. ಪ್ಯಾಟಿದಲ್ಲ, ಹೊಲದ್ದು."

ರಂಜಿನಿ ಸಿಟ್ಟಾಗಲಿಲ್ಲ, ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕೂತರು. ಸುಮಂಗಲಾ ಮುಖ ಗೋಡೆಯ ಕಡೆ ತಿರುಗಿಸಿ ಹೇಳಿದಳು: "ಅಕ್ಕಂದೇನ್ ತಪ್ಪಿಲ್ರಿ. ನಾ ಬ್ಯಾಡನ್ನಬೌದಿತ್ತು."

"ಯಾಕೆ ಅನ್ನಲಿಲ್ಲ?"

ಸಾಬವ್ವ ಈಗ ಮೊದಲ ಸಲ ಬಾಗಿ ಗಾಯದ ಕಡೆ ನೋಡಿದಳು. ನೋಡಿ, ಸೆರಗನ್ನು ಬಾಯಿಗೆ ಹಿಡಿದು ಹಿಂದಕ್ಕೆ ಸರಿದಳು.

ಗಾಯ ಬಿಟ್ಟ ಕಡೆ ತಳದಿಂದ ತಾನಾಗಿಯೇ ತುಂಬಿಕೊಂಡು ಬರುವವರೆಗೆ ಕಾಯಬಹುದು ಎಂದರು ರಂಜಿನಿ. ಅದಕ್ಕೆ ಬಹಳ ವಾರ ಹಿಡಿಯಬಹುದು, ಮತ್ತೆ ಗಂಟಾಗಲೂಬಹುದು. ಇನ್ನೊಂದು ದಾರಿ, ಶುಚಿಮಾಡಿ, ಅಲ್ಲೊಂದು ಇಲ್ಲೊಂದು ಸಡಿಲ ಹೊಲಿಗೆ ಹಾಕಿ, ಪ್ಲಾಸ್ಮಾ ಕೊಟ್ಟು ನೋಡುವುದು. ಆಕೆಯದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣಗಳನ್ನು ಬೇರ್ಪಡಿಸಿ, ಗಾಯ ಮುಚ್ಚುವ ಕೆಲಸಕ್ಕೆ ಮೊದಲು ಓಡಿಬರುವ ಚಿಕ್ಕ ಕಣಗಳು ದಟ್ಟವಾಗಿರುವ ತಿಳಿಯನ್ನು ಮಾತ್ರ ಗಾಯದ ಸುತ್ತ ಚುಚ್ಚುವುದು.

"ಆಗ್ತದೋ ಇಲ್ಲೋ, ಖಚಿತ ಹೇಳ್ರಿ," ಎಂದಳು ಭಾಗ್ಯಾ.

"ಖಚಿತ ಹೇಳ್ಲಿಕ್ಕೆ ಆಗುದಿಲ್ಲ. ಕೆಲವರು ಪರೀಕ್ಷೆ ಮಾಡಿ ನೋಡಿದಾಗ ಗಾಯ ಬೇಗ ಕೂಡಿದೆ. ಕೆಲವರು ನೋಡಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈ ಜಾಗದ ಗಾಯಕ್ಕೆ ಮಾಡಿ ನೋಡಿದವರು ಕಡಿಮೆ. ಅವರದೇ ರಕ್ತ, ಹಾಗಾಗಿ ಅಪಾಯ ಹೆಚ್ಚಿಲ್ಲ. ಅಷ್ಟು ಹೇಳಬಹುದು."

ಇಂಥ ಉತ್ತರ ಕೇಳಿ ಜನ ಸಾಮಾನ್ಯವಾಗಿ ಬೇರೆ ಡಾಕ್ಟರರನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಚಿಕಿತ್ಸೆಯೊಂದರ ಬಗ್ಗೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಬಹಳ ಸಲ ಇಷ್ಟೇ ಇರುತ್ತದೆ. ಮುಪ್ಪು ಹಿಂದೆ ಸರಿಯುತ್ತದೆ, ಕೂದಲು ಮರಳುತ್ತದೆ ಎಂದು ಇದೇ ತಿಳಿಯ ಹೆಸರಿನಲ್ಲಿ ಊರ ತುಂಬ ಮಾತು ಕೊಡುತ್ತಾರೆ. ನಮ್ಮೊಳಗಿನ ರಕ್ತ ಹಳೆಯ ಸಮುದ್ರದ ನೆನಪು, ಅದಕ್ಕೆ ಎಲ್ಲವನ್ನೂ ಸರಿಪಡಿಸುವ ಗುಣವಿದೆ ಎನ್ನುವವರೂ ಇದ್ದಾರೆ. ಸೊಗಸಾದ ಮಾತು. ಸೊಗಸಾದ ಮಾತುಗಳನ್ನು ಎರಡು ಸಲ ತೂಗಿ ನೋಡಬೇಕು. ಆಗಬಹುದು ಎಂಬ ಪದದ ಮೇಲೆ ಸುಮಂಗಲಾ ಒಂದು ಮಗ್ಗುಲಿನಿಂದ ಕೂತು, ಯೋಚಿಸಿ, "ಮಾಡ್ರಿ," ಎಂದಳು.

ತೋಳಿನಿಂದ ರಕ್ತ ತೆಗೆಯುವಾಗ ಸಾಬವ್ವ ತಡೆಯಲಾರದೆ ಕೇಳಿದಳು. "ಮೊದ್ಲೇ ಸೊರಗ್ಯಾಳ. ಇಟು ರಕ್ತ ತಗೊಂಡು ಯಾರಿಗಿ ಕೊಡ್ತೀರಿ?"

"ಅವರಿಗೇ."

"ಅಕಿದು ತಗದು ಅಕಿಗೇ ಕೊಡದು?"

"ಹೌದು ಸಾಬವ್ವ."

"ಮತ್ತ ತಗಿಯೋದ್ಯಾಕ? ಒಳಗೇ ಇತ್ತಲ್ಲ."

ರಂಜಿನಿ ನಕ್ಕರು. "ಒಳಗೆ ಎಲ್ಲ ಒಟ್ಟಿಗೆ ಉಂಟು. ನಮಗೆ ಬೇಕಾದ್ದು ಸ್ವಲ್ಪ. ಆರಿಸಿ ತೆಗೀಬೇಕಲ್ಲ."

ಯಂತ್ರ ಮುಚ್ಚಳ ಹಾಕಿಕೊಂಡು ತಿರುಗತೊಡಗಿತು. ಅದರ ಸದ್ದು ಸಣ್ಣದಾಗಿ ಎದ್ದು, ಏರಿ, ಕೋಣೆಯ ಸದ್ದೇ ಆಗಿ, ಕೇಳಿಸದಂತಾಯಿತು. ಮೂವರೂ ಅದನ್ನೇ ನೋಡುತ್ತಿದ್ದರು. ಭಾಗ್ಯಾಳ ಹೊಟ್ಟೆಯೊಳಗಿನದು ಆ ಹೊತ್ತಿಗೆ ಕಾಲು ಆಡಿಸಿತು. ಆಕೆ ತಾಯಿಯ ಕೈಯನ್ನು ತಂದು ಅಲ್ಲಿಟ್ಟುಕೊಂಡಳು. ಯಂತ್ರ ನಿಂತಾಗ ರಂಜಿನಿ ಕೊಳವೆಯನ್ನು ಬೆಳಕಿಗೆ ಹಿಡಿದರು. ಕೆಂಪೆಲ್ಲ ಕೆಳಗಿಳಿದು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಮಂಜಿನಂಥ ತೆಳುವಾದ ಒಂದು ಪದರ. ಅದರ ಮೇಲೆ ಒಣಗಿದ ಜೋಳದ ಕಣಿಕೆಯ ಹಳದಿ ಬಣ್ಣದ ತಿಳಿ, ಕಿಟಕಿಯ ಬಿಸಿಲು ಅದರೊಳಗೆ ನಿಂತುಕೊಂಡಿತ್ತು.

"ಮಜ್ಜಿಗಿ ಇಟ್ರ ಮ್ಯಾಲ ತಿಳಿ ನಿಂದ್ರತದಲ್ಲ, ಹಂಗೇ ಅದ," ಎಂದಳು ಸಾಬವ್ವ ಬಲು ಮೆಲ್ಲಗೆ. ಇಷ್ಟು ವರ್ಷ ತನ್ನೊಳಗೆ ಈ ಬಣ್ಣದ್ದು ಹರಿಯುತ್ತಿತ್ತು ಎಂಬುದು ಸುಮಂಗಲಾಳಿಗೆ ಹೊಸತು. ನೆತ್ತರು ಎಂದರೆ ಕೆಂಪು, ಕೆಂಪು ಎಂದರೆ ಹರಿದದ್ದು, ಸೋರಿದದ್ದು, ಒರೆಸಬೇಕಾದದ್ದು. ಈ ತಿಳಿಯಲ್ಲಿ ಅದಾವುದೂ ಇರಲಿಲ್ಲ. ಸುಗ್ಗಿಯ ಮಧ್ಯಾಹ್ನದ ಹೊಲದಂತೆ ಅದು ಸುಮ್ಮನಿತ್ತು.

ಜಾಗವನ್ನು ಮರಗಟ್ಟಿಸಿ, ಶುಚಿಮಾಡಿ, ಹೊಲಿದು, ಅಂಚುಗಳ ಉದ್ದಕ್ಕೂ ಸಣ್ಣ ಸೂಜಿಯಿಂದ ಅದನ್ನು ಇಳಿಸಿದರು. ಉಳಿದದ್ದನ್ನು ಹೆಪ್ಪುಗಟ್ಟಿಸಿ ಗಾಯದ ಮೇಲೆ ಪದರವಾಗಿ ಹರಡಿದರು. ಹೊರಡುವಾಗ ರಂಜಿನಿ ಸಾಬವ್ವನನ್ನು ಪಕ್ಕಕ್ಕೆ ಕರೆದರು.

"ಕೆಂಡ ಬೇಡ. ನೀವು ಬೇಕು. ಟಬ್ಬಿನ ನೀರು ನಿಮ್ಮ ಜವಾಬ್ದಾರಿ. ಬಿಸಿ ಎಷ್ಟಿರಬೇಕು ಗೊತ್ತುಂಟಲ್ಲ, ಕೂಸಿಗೆ ಹುಯ್ಯುವ ಮೊದಲು ಮೊಣಕೈ ಅದ್ದಿ ನೋಡ್ತೀರಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ."

"ಅಜವಾನ ಪೂರಾ ಬಿಡಬೇಕೇನ್ರಿ?"

ರಂಜಿನಿ ಯೋಚಿಸಿದರು. "ಹೊಸ್ತಿಲಿನ ಆಚೆ ಇಡಿ. ವಾಸನೆ ಬಂದರೆ ಬರಲಿ."

ಹಾಗೆ ಆ ಮನೆಯಲ್ಲಿ ವಾರಗಳು ನಿಧಾನವಾಗಿ ತೇಲಿದವು. ಅಗ್ಗಿಷ್ಟಿಕೆ ಹೊಸ್ತಿಲಿನಾಚೆ ಓಣಿಯ ಕಡೆ ಮುಖಮಾಡಿ ಕೂತಿತು. ಹಾದುಹೋಗುವ ಸ್ಕೂಟರುಗಳು ಅದನ್ನು ಬಳಸಿಕೊಂಡು ಹೋಗುತ್ತಿದ್ದವು. ಕಿಟಕಿಯ ಸೀರೆ ಬಿಚ್ಚಿಹೋಗಿ ಬೆಟ್ಟದ ಮೇಲಿನ ಗುಡಿಯ ಶಿಖರದವರೆಗೂ ಆಕಾಶ ಕಾಣತೊಡಗಿತು. ಸಾಬವ್ವ ನೀಲಿ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ಮೊಣಕೈ ಅದ್ದಿ, ತಲೆದೂಗಿ, ನಾದಿನಿ ಎಂಬ ಬಿಗುಮಾನ ಬಿಟ್ಟು ತಮ್ಮನ ಹೆಂಡತಿಯನ್ನು ಕೈಹಿಡಿದು ಅದರೊಳಗೆ ಕೂರಿಸುತ್ತಿದ್ದಳು. ನೀರಿನಲ್ಲಿ ಸುಮಂಗಲಾಳಿಗೆ ಭಾರವಿರಲಿಲ್ಲ. ಅರೆನಿದ್ದೆಯಲ್ಲಿ ಆಕೆ ಯಾರದೋ ಚಾಚಿದ ಕಾಲುಗಳ ನಡುವೆ ಮಲಗಿರುತ್ತಿದ್ದಳು. ಮೇಲಿನಿಂದ ಕಣಿಕೆಯ ಬಣ್ಣದ ನೀರು ತಂಬಿಗೆ ತಂಬಿಗೆಯಾಗಿ ಬೀಳುತ್ತಿತ್ತು. ಹುಯ್ಯುತ್ತಿದ್ದಾಕೆಯ ಮುಖ ಕಾಣಿಸುತ್ತಿರಲಿಲ್ಲ, ಕೈ ಮಾತ್ರ ಗುರುತಿನದು. ತಾಯಿಯದೋ, ಸಾಬವ್ವನದೋ, ಅಥವಾ ಇನ್ನೂ ಹುಟ್ಟದ ಒಬ್ಬಳು ಬೆಳೆದು ದೊಡ್ಡವಳಾಗಿ ಬಂದಿದ್ದಳೋ. ನೀರು ತಣ್ಣಗಾದಾಗ ಎಚ್ಚರವಾಗುತ್ತಿತ್ತು.

"ಯಕ್ಕ, ಗಾಯ ಕೂಡ್ಯಾದೇನ್ ನೋಡು."

"ನಾ ನೋಡಲ್ಲವ್ವ. ಡಾಕ್ಟರಬಾಯಿ ನೋಡ್ತಾಳ. ನನ್ನ ಕಣ್ಣಿನ ಮ್ಯಾಲ ನನಗ ವಿಶ್ವಾಸ ಹೋಗ್ಯದ."

ರಂಜಿನಿ ಇನ್ನೊಂದು ಸಲ ತಿಳಿ ತೆಗೆದು ಕೊಟ್ಟರು. ಕೆಂಪು ಇಳಿಯುತ್ತ ಬಂತು. ಅಂಚುಗಳು ಹತ್ತಿರವಾದವು. ಆದರೆ ಕೂರಲು ಇನ್ನೂ ಅಪ್ಪಣೆ ಸಿಗಲಿಲ್ಲ. ಅಷ್ಟರಲ್ಲಿ ಹೇಳಿದ ದಿನಕ್ಕಿಂತ ಮೊದಲೇ ಭಾಗ್ಯಾಳಿಗೆ ನೋವು ಬಂತು. ಹೆಣ್ಣುಕೂಸು. ಭಾಗ್ಯಾಳಿಗೂ ಹೊಲಿಗೆ ಬಿದ್ದಿತ್ತು, ಚಿಕ್ಕದು, ನೇರವಾದದ್ದು. ಮನೆಗೆ ಬಂದ ದಿನ ಸಾಬವ್ವ ಒಳಗೆ ಹೊಸ ಬಾಣಂತಿಯನ್ನು ನೋಡಿದಳು, ಹೊರಗೆ ಅಗ್ಗಿಷ್ಟಿಕೆಯನ್ನು ನೋಡಿದಳು, ಹೋಗಿ ಅದನ್ನು ಕಾಲಿನಿಂದ ಇನ್ನಷ್ಟು ಆಚೆ ಸರಿಸಿ ಬಂದಳು.

ಕೂಸಿಗೆ ಎರೆಯುವವರು ಯಾರು ಎಂಬ ಮಾತು ಎದ್ದಿತು. ಸಾಬವ್ವನ ಮೊಣಕಾಲುಗಳು ಕಬ್ಬಿನ ಹೊಲದಲ್ಲಿ ಬಾಗಿ ಬಾಗಿ ಈಗ ನೆಟ್ಟಗೆ ಚಾಚಲು ಬರುತ್ತಿರಲಿಲ್ಲ. ಭಾಗ್ಯಾಳ ಗಂಡ ಕಿಶೋರ ಚಾಕಣದ ಕಾರ್ಖಾನೆಯಿಂದ ಫೋನು ಮಾಡಿ, ತಮ್ಮ ಓಣಿಯಲ್ಲಿ ಕೂಸಿಗೆ ಮಾಲಿಶ್ ಮಾಡಿ ಎರೆಯುವ ಮಾವಶಿ ಒಬ್ಬಳಿದ್ದಾಳೆ, ಸೋಮವಾರದಿಂದ ಬರಹೇಳಲೇ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸುಮಂಗಲಾ ಫೋನನ್ನು ಮಗಳಿಗೆ ಕೊಟ್ಟು, ಅಡುಗೆಮನೆಗೆ ಹೋಗಿ ಕಟ್ಟೆಗೆ ಒರಗಿ ನಿಂತಳು.

"ನಾಳಿ ತನ ತಡೀರಿ," ಎಂದಳು ಭಾಗ್ಯಾ ಗಂಡನಿಗೆ.

ಮರುದಿನ ಕ್ಲಿನಿಕ್ಕಿನಲ್ಲಿ ರಂಜಿನಿ, ಸಾಬವ್ವ ಹೇಳಿದ ಮಾವಶಿಯ ಸುದ್ದಿ ಕೇಳಿಕೊಂಡು, ಗಾಯದ ಉದ್ದಕ್ಕೂ ಬೆರಳೊತ್ತಿ ನೋಡಿದರು.

"ನೋವುಂಟಾ?"

"ಇಲ್ರಿ."

"ಸೋಮವಾರ ಮಾವಶಿ ಬರ್ತಾರೆ ಅನ್ನುವ ಹೆದರಿಕೆಗೆ ಸುಳ್ಳು ಹೇಳಬೇಡಿ."

"ಖರೇನೇ ಇಲ್ರಿ. ಒಂದೀಟು ಜಗ್ಗಿದಂಗ ಆಗ್ತದ. ನೋವಂದ್ರ ಹ್ಯಾಂಗಿರ್ತದ ನನಗ ಗೊತ್ತದ. ಇದು ಅದಲ್ಲ."

ರಂಜಿನಿ ಕೈ ತೊಳೆಯುತ್ತ ಹೇಳಿದರು: "ಕೂತು ನೋಡಿ. ಕೌದಿ ಮಡಚಿ ಹಾಕಿಕೊಳ್ಳಿ. ಮೊದಲ ದಿನ ಸ್ವಲ್ಪ ಹೊತ್ತು. ನೋವಾದರೆ ಕೂಸನ್ನು ಸಾಬವ್ವನ ಕೈಗೆ ಕೊಟ್ಟು ಏಳಬೇಕು."

"ಆ ಹಳದಿ ನೀರೇ ವಾಸಿ ಮಾಡ್ತಲ್ಲೇನ್ರಿ?" ಎಂದು ಕೇಳಿದಳು ಸಾಬವ್ವ ಬಾಗಿಲಿನಿಂದ.

"ಹಾಗೆ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ಅದು ಇರಬಹುದು. ಹೊಸ ಹೊಲಿಗೆ ಇರಬಹುದು. ನಿಮ್ಮ ಟಬ್ಬೂ ಇರಬಹುದು."

ಇದನ್ನು ತಿಳಿಯುವ ದಾರಿ ಇಲ್ಲವೆಂದಲ್ಲ. ಇಂಥದೇ ಗಾಯದ ನೂರಾರು ಹೆಂಗಸರಲ್ಲಿ ಅರ್ಧ ಜನಕ್ಕೆ ತಿಳಿ ಕೊಟ್ಟು ಅರ್ಧ ಜನಕ್ಕೆ ಕೊಡದೆ, ಯಾರಿಗೆ ಕೊಟ್ಟಿದೆ ಎಂಬುದು ಅವರಿಗೂ ನೋಡುವವರಿಗೂ ತಿಳಿಯದಂತೆ ಇರಿಸಿ, ಕಾದು ನೋಡಬೇಕು. ಒಬ್ಬಳೇ ಒಬ್ಬ ಹೆಂಗಸಿನ ಮೈ ಸಾಕ್ಷಿ ಹೇಳಲಾರದು. ಅದೇ ಆಕೆ ಹೊಗೆ ಹಾಕಿಸಿಕೊಳ್ಳದೆ, ತಿಳಿ ತೆಗೆದುಕೊಳ್ಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಇನ್ನೊಬ್ಬ ಸುಮಂಗಲಾ ನಮಗೆ ಸಿಗುವುದಿಲ್ಲ. ಸಿಕ್ಕಿರುವ ಸುಮಂಗಲಾ ಅಟ್ಟದ ಮೇಲಿನ ಮಣೆ ಇಳಿಸುತ್ತಿದ್ದಳು.

ಬಚ್ಚಲಿನ ಬಾಗಿಲು ತೆರೆದಿತ್ತು. ಹಂಡೆಯ ನೀರಿನ ಆವಿ ಬಿಸಿಲಿಗೆ ಬಂದು ನಿಂತಿತ್ತು. ಓಣಿಯಿಂದ ಅಜವಾನದ ವಾಸನೆ ಇದ್ದೂ ಇಲ್ಲದಂತೆ ಬರುತ್ತಿತ್ತು. ಸಾಬವ್ವ ಕೌದಿ ಮಡಚಿ ಮಣೆಯ ಮೇಲೆ ಹಾಸಿದಳು, ಮೊಣಕೈ ಅದ್ದಿ ನೀರು ನೋಡಿದಳು. ಸುಮಂಗಲಾ ಸೀರೆಯನ್ನು ಮೊಣಕಾಲ ಮೇಲೆ ಸರಿಸಿಕೊಂಡು, ಒಂದು ಕೈ ಗೋಡೆಗೆ, ಒಂದು ಕೈ ನೆಲಕ್ಕೆ ಕೊಟ್ಟು ಕೂತಳು. ಮೊದಲು ಒಂದು ಮಗ್ಗುಲು. ಆಮೇಲೆ ಇನ್ನೊಂದನ್ನೂ ಇಳಿಸಿದಳು. ಭಾಗ್ಯಾ ಬಾಗಿಲ ಚೌಕಟ್ಟಿಗೆ ಒರಗಿ ಕೂಸನ್ನು ಎದೆಗೆ ಹಿಡಿದುಕೊಂಡು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಕೊಡು," ಎಂದಳು ಸುಮಂಗಲಾ.

ಕೂಸು ಅಜ್ಜಿಯ ಚಾಚಿದ ಕಾಲುಗಳ ನಡುವೆ ಮಲಗಿತು. ಹಿಟ್ಟಿನ ಚೀಲಕ್ಕಿಂತ ಹಗುರವಾಗಿತ್ತು, ಅದಕ್ಕಿಂತ ಬಹಳ ಬಿಸಿಯಾಗಿತ್ತು. ಎಣ್ಣೆ ಹಚ್ಚುವಾಗ ಅದು ಮುಖ ಸಿಂಡರಿಸಿತು. ಮೊದಲ ತಂಬಿಗೆ ಬಿದ್ದಾಗ ಉಸಿರು ಹಿಡಿದು, ಎರಡನೆಯದಕ್ಕೆ ಓಣಿಗೆಲ್ಲ ಕೇಳುವಂತೆ ಅತ್ತಿತು. ಸುಮಂಗಲಾ ಅದರ ಎದೆ ತೊಳೆದಳು, ಕಂಕುಳ ತೊಳೆದಳು. ಬೋರಲು ಹಾಕಿ ಬೆನ್ನು ತೊಳೆದಳು. ತೊಡೆಯ ಸಂದಿಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ತೊಳೆದಳು. ನೀರು ಕಾಲುಗಳ ನಡುವೆ ಹರಿದು ಮೋರಿಗೆ ಇಳಿಯುತ್ತಿತ್ತು. ಬೆನ್ನಿನ ಮೇಲೆ ನೀರು ಬಿದ್ದ ಹಾಗೆ ಅಳು ಕಡಿಮೆಯಾಗಿ, ನಡುವೆ ಬಿಕ್ಕಳಿಕೆಯಾಗಿ, ಕೊನೆಗೆ ಕೂಸಿನ ಕಣ್ಣು ಜಗ್ಗತೊಡಗಿತು.

ತಂಬಿಗೆ ತುಂಬಿ ಕೊಡುತ್ತಿದ್ದ ಸಾಬವ್ವ ಸಟ್ಟನೆ ಕೈ ನಿಲ್ಲಿಸಿದಳು.

"ಸುಮಂಗಲಾ, ನೀ ಮಗ್ಗಲಾ ಬದಲ್ಸಿಲ್ಲ."

"ಯಾವಾಗ?"

"ಕುಂತಾಗಿಂದ."

ಸುಮಂಗಲಾ ತಲೆಯೆತ್ತಲಿಲ್ಲ. ಕೂಸಿನ ಎಣ್ಣೆಹತ್ತಿದ ಕಾಲೊಂದು ಆಕೆಯ ಅಂಗೈಯಿಂದ ಜಾರುತ್ತಿತ್ತು.

"ನೀರು ಹಾಕ ಯಕ್ಕ," ಎಂದಳು. "ತಣ್ಣಗ ಆಗ್ಲತ್ತದ."